ಎಂಜಿಬಿಯ ಮುಗ್ಗರಿಕೆಗೆ ಅಂಬಾಸಿಡರ್ ಮೇಸ್ತ್ರಿಯ ಮದ್ದು

ನಾನು ಕೊಂಡ ಮೊದಲ ಹಳೆಯ ಸ್ಪೋರ್ಟ್ಸ್ ಕಾರು, 1960ರ ದಶಕದ ಎಂಜಿಬಿ, ಆಕ್ಸಿಲರೇಟರ್ ತುಳಿದೊಡನೆ ಮುಗ್ಗರಿಸುತ್ತಿತ್ತು. ತುಮಕೂರಿನಲ್ಲಿ ಇದನ್ನು ಮುಟ್ಟುವವರೇ ಸಿಗಲಿಲ್ಲ. ಆದರೆ ಇದರ 1798 ಸಿಸಿ ಎಂಜಿನ್, ಹಳೆಯ ಅಂಬಾಸಿಡರಿನ 1489 ಸಿಸಿ ಎಂಜಿನ್ನಿನಂತೆಯೇ, ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸರಣಿಯದು. ಆದ್ದರಿಂದ ಬಹುಕಾಲ ಅಂಬಾಸಿಡರ್ ಟ್ಯಾಕ್ಸಿಗಳನ್ನು ನೋಡಿಕೊಂಡಿದ್ದ ಹಿರಿಯ ಮೇಸ್ತ್ರಿಯೊಬ್ಬರನ್ನು ಅಂತರಸನಹಳ್ಳಿಯ ಕಡೆ ಹುಡುಕಿ ಹಿಡಿದೆ.

ಅವರು ಗಾಳಿಗೆ ಪೆಟ್ರೋಲು ಬೆರೆಸಿ ಎಂಜಿನ್ನಿಗೆ ಕೊಡುವ ಎರಡೂ ಎಸ್‌ಯು ಕಾರ್ಬ್ಯುರೇಟರ್‌ಗಳ ತಲೆಯ ಮುಚ್ಚಳ ತಿರುಗಿಸಿ ಎಣ್ಣೆಯಲ್ಲಿ ಮುಳುಗಿರಬೇಕಾದ ಡ್ಯಾಂಪರ್ ಕಡ್ಡಿಯನ್ನು ಎತ್ತಿದರು. ಎಣ್ಣೆಯ ಪಸೆಯೂ ಇರಲಿಲ್ಲ. "ಎಣ್ಣೆ ಇಲ್ಲದಿದ್ದರೆ ಪಿಸ್ಟನ್ ಒಮ್ಮೆಲೇ ಮೇಲಕ್ಕೆ ಹಾರುತ್ತೆ ಸಾರ್, ಗಾಳಿ ಜಾಸ್ತಿ, ಪೆಟ್ರೋಲು ಕಮ್ಮಿ" ಎಂದರು. ಈ ಪಿಸ್ಟನ್ ಎಂಜಿನ್ನಿನದಲ್ಲ, ಕಾರ್ಬ್ಯುರೇಟರಿನೊಳಗೆ ಏರಿಳಿದು ಗಾಳಿಯ ದಾರಿಯನ್ನು ಹಿಗ್ಗಿಸಿ ಕುಗ್ಗಿಸುವಂಥದು. ಅದರ ಏರಿಕೆಯನ್ನು ಕ್ಷಣಕಾಲ ತಡೆದು ಮಿಶ್ರಣಕ್ಕೆ ಪೆಟ್ರೋಲು ಹೆಚ್ಚಿಸುವುದೇ ಆ ಎಣ್ಣೆಯ ಕೆಲಸ.

ಪಿಸ್ಟನ್ನೂ ಅದರ ಮೇಲಿನ ಗೂಡೂ ಜೋಡಿಯಾಗಿ ಹೊಂದಿಸಿದವಾದ್ದರಿಂದ ಅದಲುಬದಲಾಗದಂತೆ ಒಂದೊಂದನ್ನೇ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದೆವು. ಬೆರಳಿನಿಂದ ಎತ್ತಿ ಬಿಟ್ಟಾಗ ಪಿಸ್ಟನ್ 'ಟಕ್' ಎಂದು ಬೀಳಬೇಕು. ಹಿಂಬದಿಯ ಕಾರ್ಬ್ಯುರೇಟರಿನದು ಸಿಕ್ಕಿಕೊಳ್ಳುತ್ತಿದ್ದುದರಿಂದ ಅದರ ಜೆಟ್ಟನ್ನು, ಅಂದರೆ ಪಿಸ್ಟನ್ನಿನ ಸೂಜಿ ಇಳಿಯುವ ಪೆಟ್ರೋಲಿನ ರಂಧ್ರವನ್ನು, ಮಧ್ಯಕ್ಕೆ ಸರಿಪಡಿಸಬೇಕಾಯಿತು, ಹೆಚ್ಚು ಹೊತ್ತು ಹಿಡಿದದ್ದೂ ಅದೇ. ಬಳಿಕ ಪಿಸ್ಟನ್ನಿನ ಟೊಳ್ಳು ದಂಡದ ತುದಿಗಿಂತ ಅರ್ಧ ಅಂಗುಲ ಮೇಲಕ್ಕೆ ಬರುವಂತೆ 20 ದರ್ಜೆಯ ಎಣ್ಣೆ ತುಂಬಿದೆವು. ರಬ್ಬರ್ ನಳಿಕೆಯನ್ನು ಕಿವಿಗಿಟ್ಟು ಎರಡರ ಗಾಳಿಯ ಸದ್ದನ್ನೂ ಸಮ ಮಾಡಿದ ಮೇಲೆ ದೇವರಾಯನದುರ್ಗದ ಏರಿನಲ್ಲಿಯೂ ಕಾರು ತಡವರಿಸಲಿಲ್ಲ.