ಮೇ ತಿಂಗಳ ಬಿಸಿಲಿನಲ್ಲಿ ಮೈನಸ್ 40 ಡಿಗ್ರಿ

ಬೇಸಗೆ ರಜೆಯ ಒಂದು ಮಧ್ಯಾಹ್ನ. ಪೆರ್ಲದ ನಮ್ಮ ಮನೆಯ ಅಂಗಳದಲ್ಲಿ ಒಣಗಲು ಹಾಕಿದ್ದ ಅಡಿಕೆಯನ್ನು ಬರಿಗಾಲಿನಲ್ಲಿ ಮಗುಚಲು ಹೋಗಿ ಅಂಗಾಲು ಸುಟ್ಟುಕೊಂಡು ಬಂದಿದ್ದೆ. ಅದೇ ಅಂಗಳದ ಬದಿಯಲ್ಲಿ ನಿಂತಿದ್ದ ಕಾರಿನ ಎಂಜಿನ್ ಉಷ್ಣತೆ ಎಷ್ಟೆಂದು ನೋಡಿದರೆ ಮೊಬೈಲ್ ಪರದೆಯಲ್ಲಿ ಮೈನಸ್ 40 ಡಿಗ್ರಿ. ನಗು ಬಂತು. ಜೊತೆಗೆ, ಮೂರು ತಿಂಗಳಿಂದ ಕಾಡುತ್ತಿದ್ದ ತೊಂದರೆಯ ಬಾಲವೂ ಕೈಗೆ ಸಿಕ್ಕಿತು.

ಕಾರು 2009ರದು, ಪೆಟ್ರೋಲಿನದು. ಮಂಗಳೂರಿನಲ್ಲಿ ಕೆಎ 19 ನಂಬರಿನದಾಗಿದ್ದದ್ದನ್ನು ಕೊಂಡು ತಂದು ಕಾಸರಗೋಡಿನ ಕೆಎಲ್ 14 ಮಾಡಿಸಿದ್ದೇನೆ. ಫೆಬ್ರವರಿಯಲ್ಲಿ ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲಿ ಬರುತ್ತಿದ್ದಾಗ ಒಂದು ಹೊಂಡಕ್ಕೆ ಚಕ್ರ ಇಳಿದು ಎದ್ದ ಕೂಡಲೇ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಆಕಾರದ ಹಳದಿ ದೀಪ ಹತ್ತಿತು. ಎರಡು ದಿನ ಉರಿಯಿತು, ಆಮೇಲೆ ತಾನಾಗಿ ಆರಿತು, ಮತ್ತೆ ಹತ್ತಿತು. ದೀಪ ಉರಿಯುವಾಗೆಲ್ಲ ರೇಡಿಯೇಟರಿನ ಫ್ಯಾನ್ ನಿಲ್ಲದೆ ತಿರುಗುತ್ತಿತ್ತು, ಪೆಟ್ರೋಲೂ ಹೆಚ್ಚು ಕುಡಿಯುತ್ತಿತ್ತು. ಒಂದು ವರ್ಕ್‌ಶಾಪಿಗೆ ಒಯ್ದೆ. ಬಾನೆಟ್ ಎತ್ತಿ ಎರಡು ನಿಮಿಷ ನೋಡಿದವರು, "ಇಸಿಎಂ ಹೋಗಿರಬೇಕು, ಹಳೆಯ ಗಾಡಿಯಲ್ಲವೇ?" ಎಂದರು. ಇಸಿಎಂ ಎಂದರೆ ಎಂಜಿನನ್ನು ನಡೆಸುವ ಕಂಪ್ಯೂಟರ್ ಪೆಟ್ಟಿಗೆ. ಅದರ ಬೆಲೆ ಕೇಳಿದ ಮೇಲೆ ಬಾನೆಟ್ ನಾನೇ ಮುಚ್ಚಿಕೊಂಡು ಬಂದೆ.

ಸ್ಟೀರಿಂಗ್ ಕೆಳಗೆ, ಮೊಣಕಾಲಿನ ಹತ್ತಿರ, ಹದಿನಾರು ಪಿನ್ನಿನ ಒಂದು ಸಾಕೆಟ್ ಇದೆ. ಅದಕ್ಕೆ ಬ್ಲೂಟೂತ್ ಸ್ಕ್ಯಾನರ್ ಸಿಕ್ಕಿಸಿದರೆ ಕಾರು ತನ್ನ ದೂರನ್ನು ಮೊಬೈಲಿಗೆ ಹೇಳುತ್ತದೆ. ನಾನು ಮೊದಲು ತರಿಸಿದ ಅಗ್ಗದ ಸ್ಕ್ಯಾನರ್ ಮೊಬೈಲಿನೊಂದಿಗೆ ಚೆನ್ನಾಗಿ ಮಾತನಾಡಿತು, ಕಾರಿನೊಂದಿಗೆ ತುಟಿ ಬಿಚ್ಚಲಿಲ್ಲ. ಹಳೆಯ ಕಾರುಗಳು ಕೆ-ಲೈನ್ ಎಂಬ ಹಳೆಯ ಭಾಷೆ ಆಡುತ್ತವೆ. ಅಗ್ಗದ ನಕಲಿ ಸ್ಕ್ಯಾನರುಗಳಲ್ಲಿ ಹಲವಕ್ಕೆ ಅದು ಸರಿಯಾಗಿ ಬರುವುದಿಲ್ಲ. ಅದನ್ನು ಹಿಂದೆ ಕಳುಹಿಸಿ ಸ್ವಲ್ಪ ಹೆಚ್ಚು ಬೆಲೆಯದನ್ನು ತರಿಸಿದ ಮೇಲೆ ಸಿಕ್ಕಿದ್ದು ಒಂದೇ ಸಂಕೇತ: ಪಿ0118. ಕೂಲೆಂಟ್ (ಎಂಜಿನನ್ನು ತಂಪಾಗಿಡುವ ದ್ರವ) ಉಷ್ಣತೆಯ ಸೆನ್ಸರಿನ ಸರ್ಕ್ಯೂಟಿನಲ್ಲಿ ವೋಲ್ಟೇಜು ಮಿತಿಮೀರಿ ಹೆಚ್ಚು ಎಂದು ಅದರ ಅರ್ಥ.

ಇಲ್ಲಿ ನಾನು ಮಾಡಿದ ದಡ್ಡತನವನ್ನು ಮುಚ್ಚಿಡುವುದಿಲ್ಲ. 'ಸೆನ್ಸರ್' ಎಂಬ ಪದ ಕಂಡದ್ದೇ ವಿಟ್ಲಕ್ಕೆ ಹೋಗಿ ಹೊಸ ಸೆನ್ಸರ್ ತಂದೆ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಹಳೆಯದನ್ನು ಬಿಚ್ಚಿ ಹೊಸದನ್ನು ತಿರುಗಿಸಿದೆ, ಚೆಲ್ಲಿದಷ್ಟು ಕೂಲೆಂಟ್ ತುಂಬಿಸಿದೆ, ಸಂಕೇತವನ್ನು ಅಳಿಸಿದೆ. ನಾಲ್ಕನೆಯ ದಿನ ಅದೇ ಹೊಂಡ, ಅದೇ ದೀಪ. ಇಪ್ಪತ್ತು ವರ್ಷ ಮಕ್ಕಳಿಗೆ ಓಮನ ನಿಯಮ ಪಾಠ ಮಾಡಿದವನು 'ಸರ್ಕ್ಯೂಟ್' ಎಂಬ ಪದವನ್ನೇ ಓದದೆ ಬಿಟ್ಟಿದ್ದೆ. ಸಂಕೇತ ಹೇಳುವುದು ಯಾವ ಓಣಿಯಲ್ಲಿ ತೊಂದರೆ ಎಂದು ಮಾತ್ರ. ಯಾವ ಮನೆ ಎಂದು ನಾವೇ ಬಾಗಿಲು ತಟ್ಟಿ ನೋಡಬೇಕು.

ಅಳಿಸುವ ಮೊದಲು ನೋಡಬೇಕಾದದ್ದು ಇನ್ನೊಂದಿತ್ತು. ದೀಪ ಹತ್ತಿದ ಕ್ಷಣದ ವೇಗ, ಎಂಜಿನ್ ಸುತ್ತು, ಉಷ್ಣತೆ ಎಲ್ಲವನ್ನೂ ಕಾರು ಒಂದು ಫೋಟೋ ಹಿಡಿದಂತೆ ಇಟ್ಟುಕೊಂಡಿರುತ್ತದೆ. 'ಫ್ರೀಜ್ ಫ್ರೇಮ್' ಎಂದು ಅದರ ಹೆಸರು. ಸಂಕೇತ ಅಳಿಸಿದರೆ ಅದೂ ಅಳಿಯುತ್ತದೆ. ಎರಡನೆಯ ಸಲ ಅದನ್ನು ಮೊದಲು ಬರೆದಿಟ್ಟುಕೊಂಡೆ: ಚಲಿಸುತ್ತಿದ್ದ ಕಾರು, ಕೂಲೆಂಟ್ ಮೈನಸ್ 40. ಇಪ್ಪತ್ತು ಮೂವತ್ತು ಕಿಲೋಮೀಟರ್ ಓಡಿದ ಎಂಜಿನಿಗೆ ಈ ಲೆಕ್ಕ! ಬೇಸರದಲ್ಲಿ ಕಾರನ್ನು ಅಂಗಳದಲ್ಲಿ ನಿಲ್ಲಿಸಿಬಿಟ್ಟೆ. ಮೇ ತಿಂಗಳಿಗೆ ಬರುವಷ್ಟರಲ್ಲಿ ಬಂದು ಹೋಗುತ್ತಿದ್ದ ತೊಂದರೆ ಅಲ್ಲಿಯೇ ಬಿಡಾರ ಹೂಡಿತ್ತು. ಆ ಮಧ್ಯಾಹ್ನ ಕಂಡ ಮೈನಸ್ 40 ಅಲುಗಾಡಲೇ ಇಲ್ಲ. ನನಗೆ ಬೇಕಾದದ್ದೂ ಅದೇ. ಕಣ್ಣಾಮುಚ್ಚಾಲೆ ಆಡುವ ದೋಷವನ್ನು ಹಿಡಿಯುವುದು ಕಷ್ಟ, ನಿಂತ ದೋಷ ಸುಲಭ.

ಮೈನಸ್ 40 ಎಲ್ಲಿಂದ ಬಂತು ಎಂದರೆ, ಈ ಸೆನ್ಸರ್ ಉಷ್ಣತೆಗೆ ತಕ್ಕಂತೆ ಬದಲಾಗುವ ಒಂದು ರೋಧಕ. ಬಿಸಿಯಾದಂತೆ ಅದರ ಓಮ್ ಇಳಿಯುತ್ತದೆ, ತಣ್ಣಗಾದಂತೆ ಏರುತ್ತದೆ. ತಂತಿಯೇ ಕಡಿದರೆ ರೋಧ ಅನಂತವಾಗುತ್ತದೆ. ಪಾಪದ ಕಂಪ್ಯೂಟರಿಗೆ ಅದು ಭಯಂಕರ ಚಳಿ ಎಂದೇ ಕಾಣಿಸುತ್ತದೆ. ತನ್ನ ಪಟ್ಟಿಯ ಕೊನೆಯ ಅಂಕಿಯನ್ನು ಒದರುತ್ತದೆ. ಹಿಮಾಲಯದಲ್ಲಿ ಇದ್ದೇನೆಂದು ಭ್ರಮಿಸಿ ಪೆಟ್ರೋಲ್ ಹೆಚ್ಚು ಸುರಿಯುತ್ತದೆ. ಅಂಕಿಯನ್ನು ನಂಬುವುದೋ ಬಿಡುವುದೋ ತಿಳಿಯದೆ, ಯಾವುದಕ್ಕೂ ಇರಲಿ ಎಂದು ಫ್ಯಾನನ್ನೂ ಓಡಿಸುತ್ತದೆ.

ಮೊದಲು ಸೆನ್ಸರುಗಳ ವಿಚಾರಣೆ. ಕಳಚಿಟ್ಟ ಹಳೆಯ ಸೆನ್ಸರನ್ನು ಬಚ್ಚಲಿಗೆ ಒಯ್ದು, ಹಂಡೆಯಿಂದ ಒಂದು ಚೆಂಬು ಬಿಸಿನೀರು ತೆಗೆದು ಅದರ ತುದಿಯನ್ನಷ್ಟೇ ಅದ್ದಿ, ರೋಧ ಅಳೆಯುವ ಮಲ್ಟಿಮೀಟರ್ ಹಿಡಿದೆ. ಹೊರಗಿನ ಸೆಕೆಯಲ್ಲಿ 1.7 ಕಿಲೋ ಓಮ್ ಇದ್ದದ್ದು ಬಿಸಿನೀರಿನಲ್ಲಿ ಸರಸರನೆ ಇಳಿದು 0.6ರ ಹತ್ತಿರ ನಿಂತಿತು. ನೀರು ಆರಿದಂತೆ ನಿಧಾನವಾಗಿ ಮೇಲೇರಿತು. ನಿರಪರಾಧಿ. ಅಷ್ಟು ಹಣ ಕೊಟ್ಟು ನಾನು ಬದಲಾಯಿಸಿದ್ದು ಸರಿಯಿದ್ದ ಸೆನ್ಸರನ್ನೇ. ಮೀಟರಿನ ಅಂಕಿ ಇಳಿಯುವುದನ್ನು ನೋಡುತ್ತಾ ಕುಳಿತ ನನ್ನನ್ನು ಕಂಡು ಅಮ್ಮ, "ಸ್ನಾನಕ್ಕೆ ನೀರು ಉಳಿಸು ಮಾರಾಯ" ಎಂದು ಹೇಳಿ ಹೋದರು.

ಬದಿಯಡ್ಕದಲ್ಲಿ ಲಾರಿಗಳ ವೈರಿಂಗ್ ಮಾಡುವ ಹಿರಿಯರೊಬ್ಬರಿದ್ದಾರೆ. ನಾವೆಲ್ಲ ಇಕ್ಕ ಎನ್ನುತ್ತೇವೆ. ಅವರಿಗೆ ಫೋನ್ ಮಾಡಿದೆ. ಅರ್ಧ ಮಲೆಯಾಳ ಅರ್ಧ ಕನ್ನಡದಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆ: "ಮಾಷೇ, ಕರೆಂಟ್ ಬರುತ್ತದೋ ಎಂದು ಎಲ್ಲರೂ ನೋಡುತ್ತಾರೆ. ಅರ್ತ್ ಇದೆಯೋ ಎಂದು ನೋಡಿದಿರಾ?"

ನೋಡಿರಲಿಲ್ಲ. ಸೆನ್ಸರಿನ ಕನೆಕ್ಟರ್ ಕಳಚಿ, ಕೀಲಿ ಆನ್ ಮಾಡಿ, ಎಂಜಿನ್ ಚಾಲು ಮಾಡದೆ ಅಳೆದೆ. ಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೆ ಇಟ್ಟು ಕೆಂಪು ಕಡ್ಡಿಯನ್ನು ಒಂದು ಪಿನ್ನಿಗೆ ಮುಟ್ಟಿಸಿದಾಗ 5 ವೋಲ್ಟ್. ಸರಿ, ಕಂಪ್ಯೂಟರ್ ಕಳುಹಿಸುತ್ತಿದೆ. ಕೆಂಪು ಕಡ್ಡಿ ಅಲ್ಲಿಯೇ ಇರಲಿ, ಈಗ ಕಪ್ಪು ಕಡ್ಡಿಯನ್ನು ಕನೆಕ್ಟರಿನ ಎರಡನೆಯ ಪಿನ್ನಿಗೆ ತಂದೆ. ಆಗಲೂ 5 ಬರಬೇಕಿತ್ತು, ಬಂದದ್ದು ಸೊನ್ನೆ. ಹೋಗುವ ದಾರಿ ಇದೆ, ಮರಳಿ ಬರುವ ದಾರಿ ಇಲ್ಲ. ಖಾತರಿಗೆಂದು 5 ವೋಲ್ಟಿನ ಪಿನ್ನನ್ನು ಒಂದು ತುಂಡು ತಂತಿಯಿಂದ ಬ್ಯಾಟರಿಯ ಮೈನಸ್ಸಿಗೆ ಕ್ಷಣಕಾಲ ಮುಟ್ಟಿಸಿದೆ. ಮೊಬೈಲಿನಲ್ಲಿ ಮೈನಸ್ 40 ಇದ್ದದ್ದು ನೂರರ ಆಚೆಗೆ ಹಾರಿತು. ಹೋಗಿದೆ ಎಂದು ತೀರ್ಪು ಪಡೆದಿದ್ದ ಇಸಿಎಂ ಗಟ್ಟಿಮುಟ್ಟಾಗಿಯೇ ಇತ್ತು. (ಎರಡು ತಂತಿಯ ಉಷ್ಣತಾ ಸೆನ್ಸರಿಗೆ ಮಾತ್ರ ಈ ಆಟ. ಮೂರು ತಂತಿ ಇರುವಲ್ಲಿ ಒಂದು ನೇರ ಪೂರೈಕೆಯ ತಂತಿ. ಅದನ್ನು ಮೈನಸ್ಸಿಗೆ ಮುಟ್ಟಿಸಿದರೆ ವರ್ಕ್‌ಶಾಪಿನವರ ಮಾತನ್ನು ನೀವೇ ನಿಜ ಮಾಡಿದಂತೆ.)

ಇನ್ನು ಉಳಿದದ್ದು ತಂತಿಯ ಜಾಡು ಹಿಡಿಯುವುದು. ಕನೆಕ್ಟರಿನಿಂದ ಒಂದು ಗೇಣು ಹಿಂದೆ ಕಪ್ಪು ಟೇಪಿನ ಒಂದು ಗಂಟು ಸಿಕ್ಕಿತು. ಕಾರ್ಖಾನೆಯ ಸುತ್ತು ನುಣುಪಾಗಿರುತ್ತದೆ. ಇದು ಗಾಯಕ್ಕೆ ಕಟ್ಟಿದ ಬಟ್ಟೆಯಂತಿತ್ತು. ಬಿಡಿಸಿದಾಗ ಅಂಟು ಕೈಗೆ ಹತ್ತಿತು, ಒಳಗಿನಿಂದ ಹಸಿರು ಪುಡಿ ಉದುರಿತು. ಹಿಂದೆಂದೋ ಇಲಿ ಕಡಿದಿರಬೇಕು, ಯಾರೋ ಎರಡು ತುದಿಗಳನ್ನು ಬೆರಳಲ್ಲಿ ಹೊಸೆದು ಟೇಪು ಸುತ್ತಿ ಬಿಟ್ಟಿದ್ದರು. ನಮ್ಮ ಕಡೆಯ ನಾಲ್ಕಾರು ಮಳೆಗಾಲ ಕುಡಿದ ತಾಮ್ರ ಕಿಲುಬು ಹಿಡಿದು, ಎಳೆಗಳು ಒಂದೊಂದಾಗಿ ತುಂಡಾಗಿ, ಕೊನೆಗೆ ಒಂದೆರಡು ಎಳೆ ಹೊಂಡಕ್ಕೊಮ್ಮೆ ಬಿಡುತ್ತಾ ಹಿಡಿಯುತ್ತಾ ಇದ್ದವು.

ಕಪ್ಪಾದ ತಾಮ್ರಕ್ಕೆ ಬೆಸುಗೆ ಹಿಡಿಯುವುದಿಲ್ಲ. ಮೊದಲ ಪ್ರಯತ್ನದಲ್ಲಿ ಸೀಸ ಕೆಸುವಿನ ಎಲೆಯ ಮೇಲಿನ ನೀರಿನಂತೆ ಉರುಳಿ ಬಿತ್ತು. ಎರಡೂ ಬದಿಯಲ್ಲಿ ಕೆಂಪು ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸಿದೆ, ಕುಂದಿದ ಉದ್ದಕ್ಕೆ ಹೊಸ ತಂತಿ ಸೇರಿಸಿ ಬೆಸೆದೆ, ಮೊದಲೇ ತಂತಿಗೆ ತೂರಿಸಿಟ್ಟ ಪ್ಲಾಸ್ಟಿಕ್ ಸ್ಲೀವನ್ನು ಬಿಸಿಮಾಡಿ ಕುಗ್ಗಿಸಿದೆ. (ಸ್ಲೀವ್ ತೂರಿಸುವುದನ್ನು ಮರೆತು ಬೆಸೆದು, ಮತ್ತೆ ಕತ್ತರಿಸಿದ್ದೂ ಉಂಟು.) ಕನೆಕ್ಟರ್ ಸಿಕ್ಕಿಸಿದಾಗ ಪರದೆಯಲ್ಲಿ 34 ಡಿಗ್ರಿ. ಚಾಲು ಮಾಡಿದೆ. ಅಂಕಿ ಒಂದೊಂದೇ ಮೆಟ್ಟಿಲು ಹತ್ತಿತು. ಫ್ಯಾನ್ ಸುಮ್ಮನಿತ್ತು, ಎಂಜಿನ್ ಚೆನ್ನಾಗಿ ಕಾದ ಮೇಲೆಯೇ ಎದ್ದು ತಿರುಗಿ, ತನ್ನ ಕೆಲಸ ಮುಗಿಸಿ ನಿಂತಿತು. ಸಂಕೇತ ಅಳಿಸಿ ಬೇಕೆಂದೇ ಆ ಹೊಂಡದ ರಸ್ತೆಯಲ್ಲಿ ಅಡ್ಕಸ್ಥಳದವರೆಗೆ ಹೋಗಿ ಬಂದೆ.

ಇದೇ ಕಾರಿನಲ್ಲಿ ಹತ್ತಿದ್ದ ಇನ್ನೊಂದು ದೀಪ ಎಬಿಎಸ್‌ನದು, ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆಯದು. ಅದರ ಕತೆ ಚಿಕ್ಕದು. ನನ್ನ ಸ್ಕ್ಯಾನರ್ ಎಂಜಿನಿನ ಸಂಕೇತ ಮಾತ್ರ ಓದುತ್ತದೆ, ಬ್ರೇಕಿನದ್ದಲ್ಲ. ಹಾಗಾಗಿ ನಾಲ್ಕು ಚಕ್ರಗಳ ಸೆನ್ಸರುಗಳನ್ನು ಒಂದಕ್ಕೊಂದು ಹೋಲಿಸಿದೆ. ನಾಲ್ಕರ ಓಮೂ ಹೆಚ್ಚುಕಡಿಮೆ ಸಮ. ಮೀಟರನ್ನು ಎಸಿ ವೋಲ್ಟಿಗಿಟ್ಟು, ಜಾಕ್ ಎತ್ತಿದ ಚಕ್ರವನ್ನು ಕೈಯಲ್ಲಿ ತಿರುಗಿಸಿದಾಗ ಮೂರು ಚಕ್ರಗಳು ಸ್ವಲ್ಪ ವೋಲ್ಟೇಜು ತೋರಿಸಿದವು, ಎಡ ಹಿಂಚಕ್ರ ತೋರಿಸಲಿಲ್ಲ. ಬಿಚ್ಚಿದರೆ ಸೆನ್ಸರಿನ ಅಯಸ್ಕಾಂತದ ಮೂತಿಗೆ ಕಬ್ಬಿಣದ ಪುಡಿಯೂ ಮುರಕಲ್ಲಿನ ಕೆಮ್ಮಣ್ಣೂ ಸೇರಿ ಗಡ್ಡ ಬೆಳೆದಿತ್ತು. ಒರೆಸಿ ಹಾಕಿದೆ, ಖರ್ಚು ಒಂದು ಹಳೆಯ ಬನಿಯನ್ ತುಂಡು. ಈ ಹಳದಿ ದೀಪ ಒಂದೇ ಉರಿದರೆ ಸಾಧಾರಣ ಬ್ರೇಕ್ ಇರುತ್ತದೆ, ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ ಮಾತ್ರ ಇರುವುದಿಲ್ಲ. ಜೊತೆಗೆ ಕೆಂಪು ಬ್ರೇಕ್ ದೀಪವೂ ಹತ್ತಿದರೆ ಕಾರು ಓಡಿಸಲೇಬಾರದು. ಓಡುವಾಗ ಎಣ್ಣೆಕುಪ್ಪಿ ಆಕಾರದ ಕೆಂಪು ದೀಪ ಹತ್ತಿದರಂತೂ ಮನೆ ಕಣ್ಣಿಗೆ ಕಾಣುವಷ್ಟು ಹತ್ತಿರವಿದ್ದರೂ ಆ ಕ್ಷಣವೇ ಎಂಜಿನ್ ನಿಲ್ಲಿಸುತ್ತೇನೆ.

ಹತ್ತಿದ್ದ ಮೂರನೆಯ ದೀಪ ಏರ್‌ಬ್ಯಾಗಿನದು. ಅದಕ್ಕೆ ನಾನು ಕೈ ಹಾಕಲಿಲ್ಲ. ಅದರ ತಂತಿಗೆ ಮಲ್ಟಿಮೀಟರ್ ಇಟ್ಟರೆ ಮೀಟರಿನ ಸಣ್ಣ ಕರೆಂಟಿಗೇ ಅದು ಸಿಡಿಯುವ ಅಪಾಯವಿದೆ. ಆದರೆ ಕಣ್ಣು ಕಿವಿಗೆ ಯಾರ ತಡೆ? ದೀಪ ಹತ್ತಿದ ವಾರವೇ ಹಾರ್ನ್ ಕೂಡ ಸ್ಟೀರಿಂಗ್ ತಿರುಗಿಸಿದಾಗೊಮ್ಮೆ ಕೂಗಿ ಇನ್ನೊಮ್ಮೆ ಮೂಕವಾಗುತ್ತಿತ್ತು. ಎರಡರ ತಂತಿಯೂ ಸ್ಟೀರಿಂಗಿನೊಳಗೆ ಸುರುಳಿಯಾಗಿ ಸುತ್ತಿದ ಒಂದೇ ಪಟ್ಟಿಯಲ್ಲಿ ಹಾದುಹೋಗುತ್ತದೆ. ಕ್ಲಾಕ್ ಸ್ಪ್ರಿಂಗ್ ಎನ್ನುತ್ತಾರೆ. ಕಾಸರಗೋಡಿನಲ್ಲಿ ಬೇರೆಯವರ ಬಳಿ ಒಯ್ದು, "ಏರ್‌ಬ್ಯಾಗ್ ದೀಪ ಉರಿಯುತ್ತಿದೆ, ಹಾರ್ನೂ ಹೀಗೆ ಮಾಡುತ್ತಿದೆ" ಎಂದಷ್ಟೇ ಹೇಳಿದೆ. ಹುಡುಗ ಬ್ಯಾಟರಿ ಕಳಚಿ ಸ್ವಲ್ಪ ಹೊತ್ತು ಕಾದು ಸ್ಟೀರಿಂಗ್ ಬಿಚ್ಚಿದ. ಒಳಗಿನ ಪಟ್ಟಿ ಮಡಿಕೆ ಬಿದ್ದಲ್ಲಿ ಸೀಳಿತ್ತು. ಬದಲಾಯಿಸಿ ಕೊಡುವಷ್ಟರಲ್ಲಿ ನಾನು ಎರಡು ಚಹಾ ಕುಡಿದಿದ್ದೆ.