ಆಕಾಶದ ದೀಪ: ಡ್ರೋನೋ, ಬೆಳ್ಳಿಯೋ?

2012ರ ಆಗಸ್ಟ್‌ನಿಂದ 2013ರ ಫೆಬ್ರವರಿವರೆಗೆ ಲಡಾಖ್ ಗಡಿಯಲ್ಲಿ ಸೈನಿಕರು 329 ಸಲ ಅನುಮಾನದ ದೀಪಗಳನ್ನು ಕಂಡು ದಾಖಲಿಸಿದ್ದರು. ಚೀನಾದ ಬೇಹುಗಾರಿಕೆ ಡ್ರೋನ್ ಇರಬಹುದೆಂಬ ಶಂಕೆ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನ ವಿಜ್ಞಾನಿಗಳು ನೋಡಿದಾಗ ಒಂದು ಗುರು, ಇನ್ನೊಂದು ಶುಕ್ರ! ದೀಪ ನಕ್ಷತ್ರಗಳ ಜೊತೆ ಹೇಗೆ ಸರಿಯುತ್ತದೆ ಎಂಬ ಲೆಕ್ಕವೇ ಗುಟ್ಟು ಬಿಡಿಸಿತ್ತು. ನಿಮ್ಮ ತಾರಸಿಯಿಂದಲೂ ಅದನ್ನು ಮಾಡಬಹುದು.

ಮೊದಲು ಒಂದೇ ಜಾಗದಲ್ಲಿ ನಿಂತು ದೀಪವನ್ನು ಕಂಬಕ್ಕೋ ಸೂರಿನ ಅಂಚಿಗೋ ಹೊಂದಿಸಿ. ಕತ್ತಲಲ್ಲಿ ಒಂಟಿ ಚುಕ್ಕಿಯನ್ನೇ ದಿಟ್ಟಿಸಿದರೆ ಅದು ಅಲ್ಲಾಡಿದಂತೆ ಕಾಣುತ್ತದೆ. ಅದು ಕಣ್ಣಿನ ಮೋಸ. ಆಮೇಲೆ ಹತ್ತು ನಿಮಿಷಕ್ಕೊಮ್ಮೆ ಸಮಯ, ದಿಕ್ಕು, ಎತ್ತರ ಬರೆಯಿರಿ. ದಿಕ್ಕಿಗೆ ಮೊಬೈಲ್ ದಿಕ್ಸೂಚಿ ಸಾಕು, ಆದರೆ ಕಾರು, ಕಬ್ಬಿಣದ ಗೇಟಿನಿಂದ ದೂರವಿರಿ. ಎತ್ತರಕ್ಕೆ ಕೈ ನೀಡಿ ಹಿಡಿದ ಮುಷ್ಟಿ ಸುಮಾರು 10 ಡಿಗ್ರಿ, ಕಿರುಬೆರಳಿನ ಅಗಲ 1 ಡಿಗ್ರಿ.

ಗ್ರಹವಾದರೆ ಗಂಟೆಗೆ ಒಂದೂವರೆ ಮುಷ್ಟಿಯಂತೆ ಪಶ್ಚಿಮಕ್ಕೆ ಜಾರುತ್ತದೆ. ಬೆಳ್ಳಿ, ಅಂದರೆ ಶುಕ್ರ, ಸೂರ್ಯನಿಂದ 47 ಡಿಗ್ರಿಗಿಂತ ದೂರ ಹೋಗುವುದಿಲ್ಲ. ನಡುರಾತ್ರಿ ಕಂಡದ್ದು ಬೆಳ್ಳಿಯಲ್ಲ. ಸಾಮಾನ್ಯ ಕ್ಯಾಮೆರಾ ಡ್ರೋನ್‌ನ ಬ್ಯಾಟರಿ ಅರ್ಧ ಗಂಟೆಯ ಆಸುಪಾಸಿನಲ್ಲಿ ಮುಗಿಯುವುದರಿಂದ, ಮೂರು ಗಂಟೆ ಬಿಡದೆ ಕಾಣುವ ದೀಪ ಅದಾಗಿರುವುದು ಕಷ್ಟ. ನೇರ ನಮ್ಮತ್ತ ಬರುವ ವಿಮಾನವೂ ಕೆಲ ನಿಮಿಷ ನಿಂತಂತೆ ಕಾಣುತ್ತದೆ, ಅವಸರ ಬೇಡ.

ಇನ್ನೂ ಗಟ್ಟಿ ಪರೀಕ್ಷೆಗೆ ಇಬ್ಬರು ಬೇಕು. ದೀಪದ ದಿಕ್ಕಿಗೆ ಅಡ್ಡಲಾಗಿ 500 ಮೀಟರ್ ಅಂತರದಲ್ಲಿ ನಿಂತು, ಫೋನಿನಲ್ಲಿ ಮಾತಾಡುತ್ತಾ ಒಂದೇ ಕ್ಷಣದಲ್ಲಿ, ದೀಪ ಹತ್ತಿರದ ಯಾವ ನಕ್ಷತ್ರದಿಂದ ಎಷ್ಟು ಬೆರಳು ದೂರವಿದೆಯೆಂದು ಅಳೆಯಿರಿ. 2 ಕಿಲೋಮೀಟರ್ ದೂರದ ಡ್ರೋನ್ ಇಬ್ಬರಿಗೂ ಸುಮಾರು 14 ಡಿಗ್ರಿ ಬೇರೆಯಾಗಿ ಕಾಣುತ್ತದೆ. ಗ್ರಹ ಸ್ವಲ್ಪವೂ ಬದಲಾಗದು. ಕೈ ಅಳತೆಯಲ್ಲಿ 2–3 ಡಿಗ್ರಿ ತಪ್ಪು ಸಹಜ. ವ್ಯತ್ಯಾಸ ಅದಕ್ಕಿಂತ ಕಡಿಮೆಯಿದ್ದರೆ ದೀಪ ಕೆಲವು ಕಿಲೋಮೀಟರ್ ಆಚೆಗಿದೆ ಎಂದೇ ಹಿಡಿಯಿರಿ.

ಮೊಬೈಲ್ ವಿಡಿಯೊ ನಂಬಬೇಡಿ. ಜೂಮ್ ಮಾಡಿದಾಗ ಫೋಕಸ್ ತಪ್ಪಿ, ಚುಕ್ಕಿ ಹೊಳೆಯುವ ತಟ್ಟೆಯಾಗುತ್ತದೆ. 'ಹಾರುವ ತಟ್ಟೆ'ಗಳಲ್ಲಿ ಎಷ್ಟೋ ಹುಟ್ಟುವುದು ಇಲ್ಲೇ. ತೆಗೆಯಲೇಬೇಕೆಂದರೆ ಜೂಮ್ ಇಲ್ಲದೆ, ಕಂಬವೂ ಚೌಕಟ್ಟಿನೊಳಗೆ ಬರುವಂತೆ ತೆಗೆಯಿರಿ.

ಡ್ರೋನೇ ಎಂದು ಖಚಿತವಾಗಿ, ಅದು ವಿಮಾನ ನಿಲ್ದಾಣದ ಬಳಿ ಇದ್ದರೆ 112ಕ್ಕೆ ಕರೆ ಮಾಡಿ, ಬರೆದಿಟ್ಟ ಸಮಯ, ದಿಕ್ಕು, ಎತ್ತರವನ್ನು ಹಾಗೇ ಓದಿ ಹೇಳಿ.