ರೇಡಿಯೇಟರ್ ವಾಲ್ವಿನ ಅಂಕಿ: ಬಳ್ಳಾರಿ, ರಾಯಚೂರು, ಕೊಪ್ಪಳದಿಂದ ಬ್ರಿಟನ್ನಿಗೆ ಬಂದ ಹೊಸಬರಿಗೆ

ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರುಗಳಿಂದ ಬಂದವರು ನಾವು. ಮನೆ ತಂಪಾಗಿಡುವುದು ಗೊತ್ತು. ಬೆಚ್ಚಗಿಡುವ ಪ್ರಸಂಗ ಬಂದದ್ದೇ ಕಡಿಮೆ, ಸಂಕ್ರಾಂತಿ ಹೊತ್ತಿನ ಥಂಡಿಗೆ ಒಂದು ಕೌದಿ ಸಾಕಾಗುತ್ತಿತ್ತು. ಹಾಗಾಗಿ ಇಲ್ಲಿಯ ಬಾಡಿಗೆ ಮನೆಗೆ ಕಾಲಿಟ್ಟು, ರೇಡಿಯೇಟರ್ (ಒಳಗೆ ಬಿಸಿನೀರು ಹರಿದು ಕೋಣೆ ಬೆಚ್ಚಗಿಡುವ ಲೋಹದ ಹಲಗೆ) ಪಕ್ಕದಲ್ಲಿ 1ರಿಂದ 5ರವರೆಗೆ ಅಂಕಿ ಬರೆದ ವಾಲ್ವಿನ ಬಿಳಿ ಗುಂಡಿ ಕಂಡರೆ, ಅದು ಫ್ಯಾನಿನ ರೆಗ್ಯುಲೇಟರ್ ಇದ್ದಂತೆ ಎಂದುಕೊಳ್ಳುವುದು ಸಹಜ. ಥಂಡಿ ಹತ್ತಿದರೆ 5, ಸೆಕೆಯಾದರೆ ಪೂರ್ತಿ ಬಂದ್, ಅರ್ಧ ಗಂಟೆಗೆ ಮತ್ತೆ 5. ಮೊದಲ ಚಳಿಗಾಲದ ಗ್ಯಾಸ್ ಬಿಲ್ ಏರುವುದಕ್ಕೆ ಈ ಒಂದು ತಪ್ಪು ತಿಳುವಳಿಕೆಯ ಪಾಲು ದೊಡ್ಡದು.

ಆ ಗುಂಡಿಗೆ ಹತ್ತಿರದ ಹೋಲಿಕೆ ಬೇಕೆಂದರೆ ಮಾಳಿಗೆ ಮೇಲಿನ ಟ್ಯಾಂಕಿನ ಬಾಲ್ ವಾಲ್ವ್ ನೆನೆಸಿಕೊಳ್ಳಿ. ನೀರು ಗೊತ್ತುಮಾಡಿದ ಮಟ್ಟಕ್ಕೆ ಬಂದಾಗ ಬಾಲ್ ತೇಲಿ ನಳ ತಾನೇ ಮುಚ್ಚುತ್ತದೆ. ಬಾಲನ್ನು ಎತ್ತರಿಸಿ ಕಟ್ಟಿದರೆ ಟ್ಯಾಂಕ್ ಬೇಗ ತುಂಬುವುದಿಲ್ಲ, ಮೇಲಿನ ಮಟ್ಟದವರೆಗೂ ತುಂಬುತ್ತದೆ. ಇಲ್ಲಿಯೂ ಹಾಗೇ. 5ಕ್ಕೆ ಇಟ್ಟರೆ ಕೋಣೆ ಬೇಗ ಬಿಸಿಯಾಗುವುದಿಲ್ಲ, ನಿಲ್ಲಬೇಕಾದ ಕಡೆ ನಿಲ್ಲದೆ 28 ಡಿಗ್ರಿಯ ಕಡೆಗೆ ಹೋಗುತ್ತದೆ. ಗುಂಡಿಯೊಳಗೆ ಮೇಣ ಇಲ್ಲವೇ ದ್ರವ ತುಂಬಿದ ಸಣ್ಣ ಡಬ್ಬಿ ಇರುತ್ತದೆ. ಸುತ್ತಲಿನ ಗಾಳಿ ಬೆಚ್ಚಗಾದಂತೆ ಅದು ಉಬ್ಬಿ, ಕೆಳಗಿನ ಪಿನ್ನನ್ನು ಒತ್ತಿ, ಬಿಸಿನೀರಿನ ದಾರಿಯನ್ನು ಕಿರಿದು ಮಾಡುತ್ತದೆ. ಕರೆಂಟ್ ಬೇಡ, ಬ್ಯಾಟರಿ ಬೇಡ. ಡೆನ್ಮಾರ್ಕಿನ ಮ್ಯಾಡ್ಸ್ ಕ್ಲಾಸೆನ್ 1943ರಲ್ಲಿ ಕಂಡುಹಿಡಿದ ಈ ಯುಕ್ತಿ ಇವತ್ತಿಗೂ ಹೆಚ್ಚು ಬದಲಾಗಿಲ್ಲ.

ಅಂಕಿಗಳ ಅರ್ಥ ಕಂಪನಿಯಿಂದ ಕಂಪನಿಗೆ ಸ್ವಲ್ಪ ಬೇರೆಯಾಗುತ್ತದೆ. ಸಾಮಾನ್ಯವಾಗಿ ಹಿಮದ ಹರಳಿನ ಗುರುತು ಎಂದರೆ 7 ಡಿಗ್ರಿ ಆಸುಪಾಸು, 1 ಎಂದರೆ 12, 2 ಎಂದರೆ 16, 3 ಎಂದರೆ 20, 4 ಎಂದರೆ 24. ಎರಡು ಅಂಕಿಗಳ ನಡುವೆ ಸುಮಾರು 4 ಡಿಗ್ರಿ.

ಕೋಣೆ ಬೇಕಾದಷ್ಟು ಬೆಚ್ಚಗಾದ ಮೇಲೆ ರೇಡಿಯೇಟರ್ ಮೇಲ್ಭಾಗ ಮಾತ್ರ ಉಗುರುಬೆಚ್ಚಗಿದ್ದು ಕೆಳಗೆ ತಣ್ಣಗಿರುತ್ತದೆ. ಕೆಲವೊಮ್ಮೆ ಪೂರ್ತಿ ತಣ್ಣಗಾಗುತ್ತದೆ. ಕೆಟ್ಟಿದೆ ಎಂದು ಮನೆ ಮಾಲೀಕರಿಗೆ ಫೋನ್ ಮಾಡುವ ಮೊದಲು ಕೋಣೆಯ ಡಿಗ್ರಿ ನೋಡಿ. ಹೇಳಿದ ಮಟ್ಟ ಮುಟ್ಟಿದ್ದರೆ ವಾಲ್ವ್ ತನ್ನ ಕೆಲಸ ಸರಿಯಾಗಿ ಮಾಡಿದೆ.

ಬಾಯ್ಲರ್ ಹಚ್ಚುವುದು ಗೋಡೆಯ ಥರ್ಮೋಸ್ಟಾಟ್

ರೇಡಿಯೇಟರಿಗೆ ನೀರು ಕಾಯಿಸಿ ಕಳಿಸುವುದು ಗ್ಯಾಸಿನ ಬಾಯ್ಲರ್. ರೇಡಿಯೇಟರ್ ವಾಲ್ವಿಗೆ ಅದನ್ನು ಹಚ್ಚುವ ಶಕ್ತಿ ಇಲ್ಲ. ಬಂದ ಬಿಸಿನೀರನ್ನು ಒಳಗೆ ಬಿಡಬೇಕೋ ಬೇಡವೋ ಎಂಬುದಷ್ಟೇ ವಾಲ್ವಿನ ಪಾಲಿನದು. ಬಾಯ್ಲರಿಗೆ ಅಪ್ಪಣೆ ಕೊಡುವುದು ಗೋಡೆಯ ಮೇಲಿನ ಥರ್ಮೋಸ್ಟಾಟ್, ಜೊತೆಗೆ ಹೊತ್ತು ಗೊತ್ತುಮಾಡುವ ಟೈಮರ್. ಥರ್ಮೋಸ್ಟಾಟ್ ಹೆಚ್ಚಾಗಿ ಬಾಗಿಲ ಹತ್ತಿರದ ಹಜಾರದಲ್ಲೋ ಪಡಸಾಲೆಯಲ್ಲೋ ಇರುತ್ತದೆ. ಅದನ್ನು 19ಕ್ಕೆ ಇಟ್ಟಿದ್ದೀರಿ ಎನ್ನಿ, ಅದಿರುವ ಜಾಗ 19 ಡಿಗ್ರಿ ಮುಟ್ಟಿತೆಂದರೆ ಬಾಯ್ಲರ್ ಆರುತ್ತದೆ. ಆಗ ಮೇಲಿನ ಕೋಣೆಯಲ್ಲಿ ವಾಲ್ವ್ 5ಕ್ಕಿದ್ದರೂ ರೇಡಿಯೇಟರ್ ತಣ್ಣಗೇ ಇರುತ್ತದೆ.

ಇದರ ತಿರುಗಾಮುರುಗಾ ತೊಂದರೆಯೂ ಉಂಟು. ಥರ್ಮೋಸ್ಟಾಟ್ ಇರುವ ಜಾಗದ ರೇಡಿಯೇಟರನ್ನು ಉಳಿತಾಯವೆಂದು 1ಕ್ಕೆ ಇಳಿಸಿದರೆ ಆ ಜಾಗ 19 ಮುಟ್ಟುವುದೇ ಇಲ್ಲ, ಬಾಯ್ಲರ್ ಟೈಮರ್ ಮುಗಿಯುವ ತನಕ ಉರಿಯುತ್ತಲೇ ಇರುತ್ತದೆ. ಅದಕ್ಕಾಗಿ ಅಲ್ಲಿಯ ರೇಡಿಯೇಟರಿಗೆ ಸಾದಾ ವಾಲ್ವ್ ಹಾಕಿರುತ್ತಾರೆ. ಅಂಕಿಯ ಗುಂಡಿ ಇರುವ ವಾಲ್ವೇ ಇದ್ದರೆ ಅದನ್ನು ಪೂರ್ತಿ ತೆರೆದಿಡಿ. ಅನೇಕ ಮನೆಗಳಲ್ಲಿ ಬಚ್ಚಲುಮನೆಯ ಟವೆಲ್ ರೇಡಿಯೇಟರಿಗೂ ಸಾದಾ ವಾಲ್ವ್ ಇರುತ್ತದೆ. ಉಳಿದೆಲ್ಲ ಮುಚ್ಚಿದಾಗ ಪಂಪಿನ ನೀರಿಗೆ ಒಂದು ದಾರಿ ಉಳಿಯಲಿ ಎಂದು ಹಾಗೆ ಬಿಟ್ಟಿದ್ದು. ಅದನ್ನು ಬಿಗಿಯಬೇಡಿ.

ಮನೆಯಲ್ಲಿ ಕಾಂಬಿ ಬಾಯ್ಲರ್ ಇದ್ದರೆ, ಎಂದರೆ ಬಿಸಿನೀರು ತುಂಬಿಡುವ ಬೇರೆ ಸಿಲಿಂಡರ್ (ಟ್ಯಾಂಕ್) ಇಲ್ಲದಿದ್ದರೆ, ರೇಡಿಯೇಟರಿಗೆ ಹೋಗುವ ನೀರಿನ ಶಾಖವನ್ನು ಬಾಯ್ಲರಿನ ಮುಂಭಾಗದಲ್ಲೇ 60 ಡಿಗ್ರಿಗೆ ಇಳಿಸಿ. ಬಹಳ ಕಡೆ 75-80ಕ್ಕೆ ಇಟ್ಟಿರುತ್ತಾರೆ. ತಿರುಗಿ ಬರುವ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿದ್ದರೆ ಮಾತ್ರ ಹೊಗೆಯ ಹಬೆಯಲ್ಲಿರುವ ಶಾಖ ಬಾಯ್ಲರಿಗೆ ಮರಳಿ ಸಿಗುತ್ತದೆ, ಇಲ್ಲದಿದ್ದರೆ ಚಿಮಣಿಯಿಂದ ಹೊರಗೆ ಹೋಗುತ್ತದೆ. ಸಿಲಿಂಡರ್ ಇರುವ ಮನೆಯಲ್ಲಿ ಹೀಗೆ ಇಳಿಸಬೇಡಿ. ಸಿಲಿಂಡರಿನ ನೀರು 60 ಡಿಗ್ರಿ ಮುಟ್ಟಬೇಕು, ಇಲ್ಲದಿದ್ದರೆ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ.

ಯಾವ ಕೋಣೆಗೆ ಎಷ್ಟು

ಒಂದು ಅಗ್ಗದ ಥರ್ಮಾಮೀಟರ್ ತಂದು ಒಳಗೋಡೆಯ ಮೇಲೆ ಎದೆಮಟ್ಟದಲ್ಲಿ, ರೇಡಿಯೇಟರಿನಿಂದ ದೂರ ಇಡಿ. ಪಡಸಾಲೆಯನ್ನು 3ರಿಂದ ಶುರುಮಾಡಿ. ಒಂದು ದಿನ ಮುಟ್ಟಬೇಡಿ. ಕಡಿಮೆಯೆನಿಸಿದರೆ ಅರ್ಧ ಅಂಕಿ ಏರಿಸಿ, ಮತ್ತೊಂದು ದಿನ ಬಿಡಿ. ಸರಿಹೊಂದಿದ ಜಾಗ ಸಿಕ್ಕ ಮೇಲೆ ಪೆನ್ಸಿಲಿನಿಂದ ಗುರುತು ಮಾಡಿ ಚಳಿಗಾಲವಿಡೀ ಅಲ್ಲೇ ಬಿಡಿ. ಮಲಗುವ ಕೋಣೆಗೆ 2ರಿಂದ 2½ ಸಾಕು. ಬಳಸದ ಕೋಣೆಗೆ 1 ಇಟ್ಟು ಬಾಗಿಲು ಹಾಕಿ. ಬಾಗಿಲು ತೆರೆದಿದ್ದರೆ ಮನೆಯ ಬಿಸಿ ಗಾಳಿ ಆ ತಣ್ಣನೆಯ ಕೋಣೆಗೆ ನುಗ್ಗಿ, ಅದರ ತೇವ ಗೋಡೆಗೆ ಕಟ್ಟಿ, ಬೂಷ್ಟು ಹಿಡಿಯುತ್ತದೆ.

ಊರಿನಿಂದ ಅಪ್ಪ-ಅವ್ವ ಬಂದಿದ್ದರೆ ಉಳಿತಾಯದ ಲೆಕ್ಕ ಪಕ್ಕಕ್ಕಿಡಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಕನಿಷ್ಠ ಮಟ್ಟ 18 ಡಿಗ್ರಿ. ರಾಯಚೂರಿನ ಬಿಸಿಲಿಗೆ ಒಗ್ಗಿದ ವಯಸ್ಸಾದವರು ಕೂಡುವ ಕೋಣೆ 21 ಇದ್ದರೆ ಒಳ್ಳೆಯದು. ಕೂಸು ಮಲಗುವ ಕೋಣೆಗೆ ಇಲ್ಲಿಯ ಸಲಹೆ 16ರಿಂದ 20 ಡಿಗ್ರಿ. ಕುಲಾಯಿ, ಸ್ವೆಟರ್, ಮೇಲೊಂದು ಕೌದಿ, ಅದರ ಜೊತೆಗೆ 24 ಡಿಗ್ರಿ ಎಂದರೆ ಕೂಸಿಗೆ ಸೆಕೆ ಮಿತಿಮೀರುತ್ತದೆ, ಅದು ಅಪಾಯ. ಮನೆಯೊಳಗೆ ಮಲಗಿಸುವಾಗ ಕುಲಾಯಿ ತೆಗೆಯಿರಿ. ಹಿರಿಯರು ಬೇಸರಿಸಿಕೊಂಡರೂ ಈ ಮಾತನ್ನು ತಿಳಿಸಿ ಹೇಳಿ.

ಅಡುಗೆಮನೆಗೆ 2 ಸಾಕು. ಹಂಚಿಟ್ಟು ಇಪ್ಪತ್ತು ಜೋಳದ ರೊಟ್ಟಿ ಬೇಯಿಸುವಷ್ಟರಲ್ಲಿ ಒಲೆಯ ಶಾಖಕ್ಕೇ ಅಲ್ಲಿಯ ವಾಲ್ವ್ ಮುಚ್ಚಿಕೊಂಡಿರುತ್ತದೆ, ಆ ಹೊತ್ತಿನ ಬಾಯ್ಲರ್ ಖರ್ಚು ಉಳಿಯಿತು. ಆದರೆ ಅನ್ನ, ಬೇಳೆ ಕುದಿಯುವಾಗ ಹೊರಗೆ ಗಾಳಿ ತಳ್ಳುವ ಫ್ಯಾನ್ ಹಚ್ಚಲೇಬೇಕು. ಕುಕ್ಕರಿನ ಹಬೆ ಹೋಗಿ ಕೂರುವುದು ಮನೆಯ ಅತಿ ತಣ್ಣನೆಯ ಗೋಡೆಯ ಮೇಲೆ, ಅಲ್ಮಾರಿಯ ಹಿಂದೆ.

ಗುಂಡಿ ಅಳೆಯುವುದು ತನ್ನ ಸುತ್ತಲಿನ ಗಾಳಿಯನ್ನು ಮಾತ್ರ. ಉದ್ದನೆಯ ಪರದೆ ಅದರ ಮೇಲೆ ಇಳಿಬಿದ್ದರೆ, ಸೋಫಾ ಒತ್ತಿಕೊಂಡಿದ್ದರೆ, ಮೇಲೆ ಒದ್ದೆ ಬಟ್ಟೆ ಹರವಿದ್ದರೆ ಅಲ್ಲಿಯೇ ಶಾಖ ನಿಂತು, ಕೋಣೆ ಥಂಡಿ ಇರುವಾಗಲೇ ವಾಲ್ವ್ ಮುಚ್ಚಿಕೊಳ್ಳುತ್ತದೆ. ಕಿಟಕಿ ತೆರೆದಾಗ ಆಗುವುದು ಇದಕ್ಕೆ ವಿರುದ್ಧ. ತಣ್ಣನೆ ಗಾಳಿ ಗುಂಡಿಗೆ ಬಡಿದು ವಾಲ್ವ್ ಪೂರ್ತಿ ತೆರೆದುಕೊಳ್ಳುತ್ತದೆ. ಆದ್ದರಿಂದ ಮೊದಲು ವಾಲ್ವನ್ನು ಹಿಮದ ಗುರುತಿಗೆ ತಿರುಗಿಸಿ, ಕಿಟಕಿಗಳನ್ನು ಪೂರ್ತಿ ತೆರೆದು ಐದರಿಂದ ಹತ್ತು ನಿಮಿಷ ಗಾಳಿಯಾಡಿಸಿ, ಮುಚ್ಚಿ, ಗುರುತಿಗೆ ಮರಳಿಸಿ.

ತಣ್ಣಗೇ ಉಳಿದ ರೇಡಿಯೇಟರ್

ಬೇರೆಲ್ಲ ಬಿಸಿಯಿದ್ದು ಒಂದು ಮಾತ್ರ ತಣ್ಣಗಿದ್ದರೆ ಕೈಯಿಂದ ಮುಟ್ಟಿ ನೋಡಿ. ವಾಲ್ವ್ ಪೂರ್ತಿ ತೆರೆದಿದ್ದೂ ಕೆಳಗೆ ಬಿಸಿ, ಮೇಲೆ ತಣ್ಣಗೆ ಎಂದರೆ ಒಳಗೆ ಗಾಳಿ ಸಿಕ್ಕಿದೆ. ಹೀಟಿಂಗ್ ಬಂದ್ ಮಾಡಿ, ತಣ್ಣಗಾದ ಮೇಲೆ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ರೇಡಿಯೇಟರ್ ಚಾವಿಯನ್ನು ಮೇಲ್ತುದಿಯ ಚೌಕ ಮೊಳೆಗೆ ಹಾಕಿ, ಕೆಳಗೆ ಬಟ್ಟೆ ಹಿಡಿದು, ಎಡಕ್ಕೆ ಕಾಲು ಸುತ್ತು ತಿರುಗಿಸಿ. ಉಸ್ ಎಂದು ಗಾಳಿ ಹೋಗಿ ನೀರು ಬಂದಾಗ ಬಿಗಿಯಿರಿ. ಆಮೇಲೆ ಬಾಯ್ಲರಿನಲ್ಲಿ ನೀರಿನ ಒತ್ತಡ ತೋರಿಸುವ ಮುಳ್ಳು ನೋಡಿ. ತಣ್ಣಗಿರುವಾಗ 1ರಿಂದ 1.5 ಬಾರ್ ಇರಬೇಕು. ಮೇಲೆ ಬಿಸಿಯಿದ್ದು ಕೆಳಗೆ ನಡುಭಾಗ ತಣ್ಣಗಿದ್ದರೆ ತಳದಲ್ಲಿ ತುಕ್ಕಿನ ಕೆಸರು ತುಂಬಿದೆ. ಅದು ಕೆಲಸಗಾರರ ಕೆಲಸ.

ಪೂರ್ತಿ ತಣ್ಣಗಿದ್ದರೆ ಹೆಚ್ಚಾಗಿ ಪಿನ್ ಅಂಟಿಕೊಂಡಿರುತ್ತದೆ. ಬೇಸಿಗೆಯಿಡೀ ಮುಚ್ಚಿಟ್ಟ ವಾಲ್ವುಗಳಿಗೆ ಬರುವ ರೋಗ ಇದು. ಗುಂಡಿಯನ್ನು 5ಕ್ಕೆ ತಿರುಗಿಸಿ, ಆಗ ಪಿನ್ನಿನ ಮೇಲಿನ ಒತ್ತಡ ಸಡಿಲುತ್ತದೆ. ಗುಂಡಿಯ ಬುಡದಲ್ಲಿ ಗೀರುಗೀರಿನ ಉಂಗುರ ಇದೆ, ಅದನ್ನು ಎಡಕ್ಕೆ ತಿರುಗಿಸಿದರೆ ಗುಂಡಿ ಕೈಗೆ ಬರುತ್ತದೆ, ನೀರು ಬರುವುದಿಲ್ಲ. ನಡುವೆ ಬಳಪದ ತುದಿಯಷ್ಟು ಲೋಹದ ಪಿನ್ ಕಾಣುತ್ತದೆ. ಮರದ ಸೌಟಿನ ಹಿಡಿಯಿಂದ ಅದನ್ನು ನೇರವಾಗಿ ಒತ್ತಿ. ಎರಡು-ಮೂರು ಮಿಲಿಮೀಟರ್ ಒಳಗೆ ಹೋಗಿ ತಾನೇ ಮೇಲೆ ಬಂದರೆ ಪಿನ್ ಚೆನ್ನಾಗಿದೆ, ದೋಷ ಗುಂಡಿಯದು ಇರಬಹುದು. ಪಕ್ಕದ ಕೋಣೆಯ ಅದೇ ಕಂಪನಿಯ ಗುಂಡಿ ಹಾಕಿ ನೋಡಿದರೆ ಗೊತ್ತಾಗುತ್ತದೆ. ಪಿನ್ ಕೆಳಗೇ ಉಳಿದಿದ್ದರೆ ವಾಲ್ವಿನ ಹಿತ್ತಾಳೆ ಮೈಗೆ ಪಕ್ಕದಿಂದ ಮೆಲ್ಲಗೆ ತಟ್ಟಿ, ಒಂದು ಹನಿ ಸಿಲಿಕೋನ್ ಎಣ್ಣೆ ಬಿಟ್ಟು, ಮತ್ತೆ ಮತ್ತೆ ಒತ್ತಿ ಬಿಡಿ. ಇಕ್ಕಳದಿಂದ ಹಿಡಿದು ಎಳೆಯಬೇಡಿ. ಪಿನ್ ಕಿತ್ತು ಬಂದರೆ ಕಪ್ಪು ನೀರು ಚಿಮ್ಮಿ ಕಾರ್ಪೆಟ್ ಹಾಳಾಗುತ್ತದೆ, ನಿಲ್ಲಿಸುವುದೂ ಕಷ್ಟ. ಮರಳಿ ಕೂಡಿಸುವಾಗಲೂ ಗುಂಡಿ 5ರಲ್ಲೇ ಇರಲಿ.

ರೇಡಿಯೇಟರ್ ಒಳಗಿನ ಕೆಲಸವಿದ್ದರೆ, ಬಾಯ್ಲರ್ ಕೆಟ್ಟರೆ, ದುರಸ್ತಿಯ ಹೊಣೆ ಮನೆ ಮಾಲೀಕರದು. ಇಂಗ್ಲೆಂಡಿನಲ್ಲಿ 1985ರ ಮಾಲೀಕ-ಬಾಡಿಗೆದಾರ ಕಾಯ್ದೆ ಅದನ್ನು ಹೇಳುತ್ತದೆ. ಬರಹದಲ್ಲಿ ತಿಳಿಸಿ. ಬಾಯ್ಲರಿನ ಮುಚ್ಚಳವನ್ನು ಮಾತ್ರ ನೀವೇ ತೆಗೆಯಬೇಡಿ. ಗ್ಯಾಸ್ ಸೇಫ್ ಎಂಬ ಗ್ಯಾಸ್ ಕೆಲಸಗಾರರ ಅಧಿಕೃತ ಪಟ್ಟಿಯಲ್ಲಿ ನೋಂದಣಿ ಇರುವವರಷ್ಟೇ ತೆಗೆಯಬಹುದು.

ಕೊನೆ ಭಾಗಕ್ಕೆ ನೀರು

ಮುನಿರಾಬಾದಿನಿಂದ ಹೊರಡುವ ತುಂಗಭದ್ರಾ ಎಡದಂಡೆ ಕಾಲುವೆಯ ಕಥೆ ನಿಮಗೆ ಗೊತ್ತು. ಮೇಲ್ಭಾಗದಲ್ಲಿ ತೂಬು ಅಗಲವಾಗಿ ತೆರೆದುಕೊಂಡರೆ ಮಾನ್ವಿ, ರಾಯಚೂರು ಕಡೆಯ ಕೊನೆ ಭಾಗದ ಹೊಲಕ್ಕೆ ಗೇಜ್, ಎಂದರೆ ಬೇಕಾದ ನೀರಿನ ಮಟ್ಟ, ಸಿಗುವುದಿಲ್ಲ. ರೇಡಿಯೇಟರಿನಲ್ಲೂ ಇದೇ ಆಗುತ್ತದೆ. ಬಾಯ್ಲರಿನ ಹತ್ತಿರದ್ದು ಕೈ ಸುಡುವಷ್ಟು ಬಿಸಿ, ತುದಿಯ ಕೋಣೆಯದು ಉಗುರುಬೆಚ್ಚಗೆ. ಇಲ್ಲಿಯ ತೂಬು ಎಂದರೆ ರೇಡಿಯೇಟರಿನ ಮತ್ತೊಂದು ತುದಿಯಲ್ಲಿ ಪ್ಲಾಸ್ಟಿಕ್ ಟೋಪಿ ಹಾಕಿಕೊಂಡಿರುವ ಲಾಕ್‌ಶೀಲ್ಡ್ ವಾಲ್ವ್.

ಮಾಲೀಕರ ಒಪ್ಪಿಗೆ ಪಡೆದು ಒಂದು ರವಿವಾರ ಇದಕ್ಕೆ ಇಡಿ. ಪ್ರತಿ ಲಾಕ್‌ಶೀಲ್ಡ್ ಎಷ್ಟು ಸುತ್ತಿಗೆ ಮುಚ್ಚುತ್ತದೆ ಎಂದು ಎಣಿಸಿ ಬರೆದಿಟ್ಟುಕೊಳ್ಳಿ, ಕೆಟ್ಟರೆ ಹಿಂದಿನಂತೆ ಇಡಬಹುದು. ಎಲ್ಲ ವಾಲ್ವುಗಳನ್ನೂ, ಎಲ್ಲ ಲಾಕ್‌ಶೀಲ್ಡುಗಳನ್ನೂ ಪೂರ್ತಿ ತೆರೆಯಿರಿ. ತಣ್ಣನೆಯ ಮನೆಯಲ್ಲಿ ಹೀಟಿಂಗ್ ಹಚ್ಚಿ, ಯಾವುದು ಮೊದಲು ಬಿಸಿಯಾಯಿತು, ಯಾವುದು ಕೊನೆಗೆ ಎಂದು ಬರೆದುಕೊಳ್ಳಿ. ಮೊದಲು ಬಿಸಿಯಾದದ್ದರ ಲಾಕ್‌ಶೀಲ್ಡ್ ಪೂರ್ತಿ ಮುಚ್ಚಿ, ಕಾಲು ಸುತ್ತು ತೆರೆಯಿರಿ. ಒಳಬರುವ ಪೈಪಿಗೂ ಹೊರಹೋಗುವ ಪೈಪಿಗೂ ಸುಮಾರು 12 ಡಿಗ್ರಿ ವ್ಯತ್ಯಾಸ ಬರುವ ತನಕ ಅಷ್ಟಷ್ಟೇ ತೆರೆಯುತ್ತಾ, ಪ್ರತಿ ಸಲ ಹತ್ತು ನಿಮಿಷ ಕಾಯಿರಿ. ಹಾಗೇ ಅನುಕ್ರಮವಾಗಿ ಮುಂದಿನವಕ್ಕೆ ಹೋಗಿ. ಕೊನೆಯದನ್ನು ಪೂರ್ತಿ ತೆರೆದೇ ಬಿಡಬೇಕಾಗಬಹುದು.

ಊರಿಗೆ ಹೋಗುವಾಗ

ಗವಿಮಠದ ಜಾತ್ರೆಗೆಂದು ಜನವರಿಯಲ್ಲಿ ಕೊಪ್ಪಳಕ್ಕೆ ಹೊರಟರೆ ಇಲ್ಲಿ ಅದು ಅತಿ ಥಂಡಿಯ ಕಾಲ. ವಾಲ್ವುಗಳನ್ನೆಲ್ಲ ಹಿಮದ ಗುರುತಿಗೆ ಇಟ್ಟು ಬಾಯ್ಲರ್ ಬಂದ್ ಮಾಡಿ ಹೋದರೆ ಆ ಗುರುತಿಗೆ ಬೆಲೆಯೇ ಇಲ್ಲ. ವಾಲ್ವ್ ದಾರಿ ತೆರೆಯುತ್ತದೆ, ಆದರೆ ಬಿಸಿನೀರು ಎಲ್ಲಿಂದ ಬರಬೇಕು? ಪೈಪಿನ ನೀರು ಹೆಪ್ಪುಗಟ್ಟಿದರೆ ಹಿಗ್ಗಿ ಪೈಪ್ ಒಡೆಯುತ್ತದೆ, ಕರಗಿದಾಗ ಮನೆ ತುಂಬ ನೀರು. ಗೋಡೆಯ ಥರ್ಮೋಸ್ಟಾಟನ್ನು 12 ಡಿಗ್ರಿಗೆ ಇಡಿ, ಟೈಮರನ್ನು ದಿನವಿಡೀ ಹಚ್ಚಿರುವಂತೆ ಮಾಡಿ, ವಾಲ್ವುಗಳು 1ರಿಂದ 1½ರಲ್ಲಿರಲಿ. ಮನೆಯ ಇನ್ಶೂರೆನ್ಸಿನಲ್ಲಿ ಖಾಲಿ ಮನೆಗೆ ಕನಿಷ್ಠ ಶಾಖದ ಷರತ್ತು ಇದೆಯೇ ನೋಡಿಕೊಳ್ಳಿ.

ಮೇ ತಿಂಗಳಲ್ಲಿ ಹೀಟಿಂಗ್ ನಿಲ್ಲಿಸಿದ ದಿನ ಎಲ್ಲ ವಾಲ್ವುಗಳನ್ನೂ 5ಕ್ಕೆ ತಿರುಗಿಸಿ ಬಿಡಿ. ಬಾಯ್ಲರ್ ಆರಿರುವುದರಿಂದ ಖರ್ಚಿಲ್ಲ, ಪಿನ್ ಮೇಲೆ ಒತ್ತಡ ಬೀಳದೆ ಸಡಿಲವಾಗಿ ಉಳಿಯುತ್ತದೆ. ಸೆಪ್ಟೆಂಬರಿನಲ್ಲಿ, ಥಂಡಿ ಬರುವ ಮೊದಲೇ, ಒಂದೊಂದನ್ನೂ ಆ ತುದಿಯಿಂದ ಈ ತುದಿಗೆ ನಾಲ್ಕಾರು ಸಲ ತಿರುಗಿಸಿ, ಅರ್ಧ ಗಂಟೆ ಹೀಟಿಂಗ್ ಹಚ್ಚಿ ನೋಡಿ. ದೋಷವಿದ್ದರೆ ಕೆಲಸಗಾರರು ಸುಲಭವಾಗಿ ಸಿಗುವ ಕಾಲ ಅದು.